ನಳಿಗೆಯ ಅಡಿಯ ಅಕ್ಷರ

ನರಸೀಪುರದ ಕಡೆಯ ನಮ್ಮ ತೌರುಮನೆಯ ಪಡಸಾಲೆಯಲ್ಲಿ ಜೋಡುನಳಿಗೆ ಬಂದೂಕೊಂದು ತೂಗಾಡುತ್ತಿತ್ತು. ಆಯುಧಪೂಜೆಗೆ ಮುಂಚೆ ಅದರ ಧೂಳೊರೆಸಿ ಎಣ್ಣೆ ಸವರುತ್ತಿದ್ದವರು ಅತ್ತಿಗೆ. ಕುಂಕುಮವಿಟ್ಟು ಸೇವಂತಿಗೆ ಮುಡಿಸುತ್ತಿದ್ದವರೂ ಅವರೇ. ಅದರ ಬಗ್ಗೆ ಮಾತನಾಡುವ ಹಕ್ಕು ಮಾತ್ರ ಗಂಡಸರದು. "ಟಿಪ್ಪೂ ಸುಲ್ತಾನನ ಕಾಲದ್ದು" ಎನ್ನುತ್ತಿದ್ದರು. ಕೇಳಿ ಕೇಳಿ ನಾನೂ ನಂಬಿದ್ದೆ. ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳು ನಾನು, ನಾಚಿಕೆಯಾಗಬೇಕು.

ಅಪ್ಪ ತೀರಿಕೊಂಡ ಮೇಲೆ ಬಂದೂಕನ್ನು ಮೈಸೂರಿನ ಲೈಸೆನ್ಸುದಾರ ಅಂಗಡಿಯೊಂದರಲ್ಲಿ ಇಟ್ಟರು. ಅಣ್ಣ ನಂಜನಗೂಡಿಗೆ ಬಂದು ಒಂದು ಕಾಗದ ಮುಂದಿಟ್ಟ. ಲೈಸೆನ್ಸು ಅವನ ಹೆಸರಿಗಾಗಲು ನನ್ನ ಅಭ್ಯಂತರವಿಲ್ಲ ಎಂಬ ಒಕ್ಕಣೆ. "ಒಂದು ಸೈನ್ ಹಾಕಮ್ಮ. ಈ ಸಲ ಹಬ್ಬಕ್ಕೆ ನಿನ್ನ ಅಳಿಯ ಎರಡು ಗುಂಡು ಹಾರಿಸ್ಬೇಕು ಅಂತಿದಾನೆ" ಎಂದ. ಬಂದೂಕು ನೋಡದೆ ಹಾಕುವುದಿಲ್ಲ ಎಂದೆ. "ನಿನಗ್ಯಾಕೆ ಅದರ ಸಮಾಚಾರ?" ಎಂದು ನಕ್ಕ. ನೀವೇ ಹೇಳಿ, ಸಹಿ ಬೇಕಾದಾಗ ನಾವು ಮನೆಯವರು, ಕೇಳಿದರೆ ಹೊರಗಿನವರೇ?

ಅಂಗಡಿಗೆ ಹೋದೆವು. ವಯಸ್ಸಾದ ಮೇಸ್ತ್ರಿಯೊಬ್ಬರು ನಳಿಗೆಯ ಕೆಳಗಿನ ಮರದ ತುಂಡು ತೆಗೆದು, ನಳಿಗೆಗಳನ್ನು ಬಿಡಿಸಿ, ಬೋರಲು ಹಾಕಿ ನನ್ನ ಕೈಗೆ ಭೂತಗನ್ನಡಿ ಕೊಟ್ಟರು.

ಅಡ್ಡಹಾಯ್ದ ಎರಡು ರಾಜದಂಡ, ಮೇಲೊಂದು ಕಿರೀಟ, ಸಂದಿಯಲ್ಲಿ ಬಿ, ಪಿ, ಸಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಕಾಯಿದೆ ಮಾಡಿ ಸ್ಥಾಪಿಸಿದ ಪರೀಕ್ಷಾಲಯದ ಮುದ್ರೆ ಅದು. ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಒಡೆಯದಿದ್ದರೆ ಒತ್ತುವಂಥದು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ನಾಟ್ ಫಾರ್ ಬಾಲ್' ಎಂದಿತ್ತು. ತುದಿ ಕಿರಿದಾದ ನಳಿಗೆ, ಒಂಟಿ ಗುಂಡು ಹಾಕಬೇಡಿ, ಚರೆ ಮಾತ್ರ ಎಂದರ್ಥ. ಈ ಮಾತನ್ನು ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ. ಟಿಪ್ಪು ಮಡಿದದ್ದು 1799ರಲ್ಲಿ! ಶ್ರೀರಂಗಪಟ್ಟಣದಲ್ಲಿ ಅವನು ಮಾಡಿಸಿದ ಕೋವಿಗಳು ಚಕಮಕಿ ಕಲ್ಲಿನವು, ಹುಲಿಪಟ್ಟೆಯ ಅಲಂಕಾರದವು. ನಮ್ಮದು ನಡುವೆ ಮುರಿದು ತೋಟಾ ಹಾಕುವಂಥದು. 2019ರಲ್ಲಿ ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕ ಟಿಪ್ಪುವಿನ ಕೋವಿ 60,000 ಪೌಂಡಿಗೆ ಹರಾಜಾಯಿತೆಂದು ಪತ್ರಿಕೆಯಲ್ಲಿ ಬಂದಾಗಿನಿಂದ ನಮ್ಮವರ ದನಿ ಇನ್ನಷ್ಟು ಏರಿತ್ತು.

ಸುಳ್ಳು ಬಿದ್ದುಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ. ನಳಿಗೆಯ ಮೈಮೇಲೆ ಮುರುಗು ಮುರುಗಾಗಿ ಕಂದು ಗೆರೆಗಳಿವೆಯಲ್ಲ, ಅವು ಬಣ್ಣವಲ್ಲ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಒಟ್ಟಿಗೆ ಕಾಯಿಸಿ, ಹಗ್ಗದಂತೆ ಹೊಸೆದು, ಪಟ್ಟಿ ಮಾಡಿ, ಸಲಾಕೆಗೆ ಸುತ್ತಿ ಬಡಿದು ಬೆಸೆದದ್ದರ ಗುರುತು. ನಳಿಗೆ ಬೆಸೆಯುವವನೊಬ್ಬ, ಕೊರೆಯುವವನೊಬ್ಬ, ಮರ ಕೂರಿಸುವವನೊಬ್ಬ. ಮೇಲೆ ಕೆತ್ತಿದ ಹೆಸರು ಮಾರಿದ ಅಂಗಡಿಯದಂತೆ. ನಮ್ಮ ತಾಲ್ಲೂಕಿನ ಸೋಮನಾಥಪುರದಲ್ಲಿ ಮಲ್ಲಿತಮ್ಮ ವಿಗ್ರಹದ ಪಾದದಡಿ ತನ್ನ ಹೆಸರು ಕೊರೆದು ಹೋದ. ಈ ಕಮ್ಮಾರರಿಗೆ ಆ ಭಾಗ್ಯವೂ ಇಲ್ಲ. ಹಾಗಿರುವಾಗ ಅವರ ಬೆವರನ್ನು ಸುಲ್ತಾನನ ಲೆಕ್ಕಕ್ಕೆ ಬರೆಯಲು ನಾವು ಯಾರು?

ಸುಳ್ಳಿನಿಂದ ಬರೀ ಜಂಬವಾಗಿದ್ದರೆ ಸುಮ್ಮನಿರುತ್ತಿದ್ದೆ. ಆ ನಳಿಗೆಗಳನ್ನು ಪರೀಕ್ಷಿಸಿದ್ದು ಕಪ್ಪುಮದ್ದಿಗೆ. ಇಂದಿನ ತೋಟಾದಲ್ಲಿರುವುದು ಹೊಗೆಯಿಲ್ಲದ ಮದ್ದು. ಅದರ ಒತ್ತಡವೇ ಬೇರೆ. ಅದಕ್ಕಾಗಿ ಆಮೇಲೆ ಬಂದ ಮುದ್ರೆ ನಮ್ಮ ಬಂದೂಕಿನ ಮೇಲಿಲ್ಲ. ನೂರು ವರ್ಷಕ್ಕೂ ಮೀರಿದ ಬೆಸುಗೆ, ಒಳಗೆ ತುಕ್ಕಿನ ಗುಳಿ. "ತಾತ ಹಾರಿಸ್ತಿರಲಿಲ್ವ?" ಎಂದ ಅಣ್ಣ. ತಾತ ಹಂದಿ ಓಡಿಸುತ್ತಿದ್ದದ್ದು ಕಪ್ಪುಮದ್ದಿನಲ್ಲಿ. ಮೇಸ್ತ್ರಿ ತಮ್ಮ ಎಡಗೈಯನ್ನು ನಳಿಗೆಯ ಅಡಿ ಹಿಡಿದು ತೋರಿಸಿದರು: ಒಡೆದರೆ ಹೋಗುವುದು ಈ ಕೈ. ನನ್ನ ಅಳಿಯನಿಗೆ ಇಪ್ಪತ್ತೆರಡು ವರ್ಷ.

ಮನೆತನದ ಮಾನ ಎಂದು ನಮ್ಮ ಕೈಯಲ್ಲಿ ಪೂಜೆ ಮಾಡಿಸುವವರು ಒಂದು ಸಲವಾದರೂ ಅದನ್ನು ಬೋರಲು ಹಾಕಿ ಓದಬೇಡವೆ? ಒರೆಸುವ ಕೈಗೆ ಓದಲು ಬರುತ್ತದೆ. ಅತ್ತಿಗೆ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು. ನಲವತ್ತು ಆಯುಧಪೂಜೆಗಳಲ್ಲಿ ಯಾರೂ ಅವರಿಗೆ ಬಂದೂಕು ಬಿಚ್ಚಿ ತೋರಿಸಲಿಲ್ಲ. ತೋರಿಸಿ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸಹಿ ಹಾಕಿದೆ. ಮೇಲೆ ಒಂದು ಸಾಲು ಸೇರಿಸಿದೆ: 'ಇದರಿಂದ ಗುಂಡು ಹಾರಿಸುವುದಕ್ಕೆ ನನ್ನ ಅಭ್ಯಂತರವಿದೆ.' ಅಂಥ ಕಾಗದ ಕಚೇರಿಯಲ್ಲಿ ನಡೆಯುವುದಿಲ್ಲವೆಂದು ಅಣ್ಣ ಸಿಡುಕಿದ. ಹೊಸದೊಂದು ಕಾಗದ ಕಳಿಸಿದ್ದಾನೆ. ಅದು ನನ್ನ ಬ್ಯಾಗಿನಲ್ಲಿ, ತಿದ್ದಬೇಕಾದ ಉತ್ತರಪತ್ರಿಕೆಗಳ ಜೊತೆಯಲ್ಲಿದೆ.