ಸುಟ್ಟವರು ಸಾಹುಕಾರರು, ಉಳಿಸಿದವರು ಕಳ್ಳರು

ಬಿಟ್ಟಿ ಹಾಡು ಇಳಿಸಿಕೊಳ್ಳುವವನು ಕಳ್ಳ. ಈ ಬೈಗುಳವನ್ನು ಕ್ಯಾಸೆಟ್ಟಿನ ಕಾಲದಿಂದ ಕೇಳುತ್ತಲೇ ಬಂದಿದ್ದೇವೆ. ಬೈಯುವವರ ಕೈ ಎಷ್ಟು ಶುದ್ಧ ಎಂದು ಕೇಳಿದವರು ಕಡಿಮೆ. ಈಗ ಕೇಳೋಣ.

2008ರ ಜೂನ್ 1ರ ಬೆಳಗಿನ ಜಾವ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣಕ್ಕೆ ಬೆಂಕಿ ಬಿತ್ತು. ಸೆಟ್ಟೊಂದರ ಸೂರಿನ ರಿಪೇರಿಗೆ ಕೆಲಸಗಾರರು ಬ್ಲೋಟಾರ್ಚ್ ಬಳಸಿದ್ದರು, ಉರಿ ಹತ್ತಿದ್ದು ಅಲ್ಲಿಂದ. ಪ್ರವಾಸಿಗರಿಗೆಂದು ಕಟ್ಟಿದ್ದ ಕಿಂಗ್ ಕಾಂಗ್ ಸುಟ್ಟಿತೆಂದು ಜನ ಮರುಗಿದರು. ಅದೇ ಆವರಣದ 6197ನೇ ನಂಬರಿನ ಕಟ್ಟಡದಲ್ಲಿ ಯೂನಿವರ್ಸಲ್ ಮ್ಯೂಸಿಕ್ ಕಂಪನಿಯ ಮಾಸ್ಟರ್ ಟೇಪುಗಳಿದ್ದವು. ಹೋದದ್ದು ಅಲ್ಪ ಎಂದಷ್ಟೇ ಹೇಳಿ ಕಂಪನಿ ಸುಮ್ಮನಾಯಿತು. ಹನ್ನೊಂದು ವರ್ಷ ಕಳೆದ ಮೇಲೆ, 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಕಂಪನಿಯ ಒಳಗಿನ ಕಾಗದಪತ್ರಗಳನ್ನೇ ಹೊರಗೆಳೆದು ಬರೆಯಿತು. ಅವುಗಳಲ್ಲಿದ್ದ ಅಂದಾಜು ಸುಮಾರು 5 ಲಕ್ಷ ಹಾಡು. ಟೇಪು ಸುಟ್ಟುಹೋದವರ ಪಟ್ಟಿಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, ಬಿಲ್ಲಿ ಹಾಲಿಡೇ, ಚಕ್ ಬೆರ್ರಿ. ಇದೆಲ್ಲ ಉತ್ಪ್ರೇಕ್ಷೆ ಎಂದು ಕಂಪನಿ ವಾದಿಸಿತು. ಆಗಲಿ ಸ್ವಾಮಿ, ಅದರಲ್ಲಿ ಹತ್ತನೇ ಒಂದು ಪಾಲು ಎಂದೇ ಇಟ್ಟುಕೊಳ್ಳೋಣ. ಹನ್ನೊಂದು ವರ್ಷ ನಿಜ ಮುಚ್ಚಿಟ್ಟಿದ್ದು ಯಾಕೆ?

ಈಗ 2023ರ ಆಗಸ್ಟ್‌ಗೆ ಬನ್ನಿ. ಇದೇ ಯೂನಿವರ್ಸಲ್, ಸೋನಿ ಮುಂತಾದವರ ಜೊತೆ ಸೇರಿ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಭಂಡಾರದ ಮೇಲೆ ದಾವೆ ಹೂಡಿತು. ಆರ್ಕೈವ್ ಮಾಡಿದ ಪಾಪವೇನು? ಹಳೆಯ 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟುಗಳನ್ನು ಒಂದೊಂದಾಗಿ ತಿರುಗಿಸಿ, ಕರಕರ ಸದ್ದಿನ ಸಮೇತ ಕಂಪ್ಯೂಟರಿಗೆ ಇಳಿಸಿ, ಕೇಳುವವರು ಕೇಳಲಿ ಎಂದು ಬಿಟ್ಟಿದ್ದು. ದಾವೆಯ ಪಟ್ಟಿಯಲ್ಲಿ 2,749 ಹಾಡು. ಒಂದೊಂದಕ್ಕೆ ಒಂದೂವರೆ ಲಕ್ಷ ಡಾಲರಿನವರೆಗೆ ಪರಿಹಾರ ಕೇಳಬಹುದು, ಅಂದರೆ 41 ಕೋಟಿ ಡಾಲರಿಗೂ ಮಿಕ್ಕಿ. ಆ ಪಟ್ಟಿಯಲ್ಲೂ ಆರ್ಮ್‌ಸ್ಟ್ರಾಂಗ್ ಇದ್ದಾರೆ, ಹಾಲಿಡೇ ಇದ್ದಾರೆ! ಬೂದಿಯಾದಾಗ ಸುಮ್ಮನಿದ್ದವರಿಗೆ ಗೀರುಬಿದ್ದ ಪ್ಲೇಟಿನಿಂದ ಯಾರೋ ಬಿಟ್ಟಿ ಕೇಳಿದಾಗ ಹೊಟ್ಟೆ ಉರಿಯಿತು. ಈ ಹಾಡುಗಳು ಸ್ಟ್ರೀಮಿಂಗ್‌ನಲ್ಲಿ ಸಿಗುತ್ತಲೇ ಇವೆ ಎಂಬುದು ಅವರ ವಾದ. ಸಿಗುತ್ತಿರಬಹುದು. ಆರ್ಕೈವ್ ಉಳಿಸಿಟ್ಟ ನಾಲ್ಕು ಲಕ್ಷಕ್ಕೂ ಹೆಚ್ಚು ಧ್ವನಿಮುದ್ರಣಗಳಲ್ಲಿ ಮಿಕ್ಕವುಗಳ ಗತಿ? 2025ರ ಸೆಪ್ಟೆಂಬರ್‌ನಲ್ಲಿ ರಾಜಿಯಾಯಿತು. ಷರತ್ತುಗಳು ಗುಟ್ಟು.

ಹಾಳುಮಾಡಲು ಬೆಂಕಿಯೇ ಬೇಕೆಂದಿಲ್ಲ, ಉಡಾಫೆ ಸಾಕು. ಮೈಸ್ಪೇಸ್ ಎಂಬ ಜಾಲತಾಣಕ್ಕೆ ಹನ್ನೆರಡು ವರ್ಷ ಕಾಲ ಜನ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಅಳಿಸಿಹೋದವು ಎಂದು 2019ರಲ್ಲಿ ಬಯಲಾಯಿತು. 1.4 ಕೋಟಿ ಕಲಾವಿದರ 5 ಕೋಟಿ ಹಾಡುಗಳೆಂದು ಅಂದಾಜು. ಕಂಪನಿಯವರು ಅನಾನುಕೂಲಕ್ಕೆ ಕ್ಷಮೆ ಕೇಳಿ, ನಿಮ್ಮ ಪ್ರತಿ ನಿಮ್ಮ ಬಳಿಯೇ ಇರಲಿ ಎಂದು ಬುದ್ಧಿವಾದವನ್ನೂ ಹೇಳಿದರು. ಎಂಥ ಭಂಡತನ! ಅದರಲ್ಲಿ 4 ಲಕ್ಷ 90 ಸಾವಿರ ಹಾಡುಗಳಾದರೂ ಮರಳಿ ಸಿಕ್ಕಿದ್ದು ಹೇಗೆ? 2008ರಿಂದ 2010ರ ನಡುವೆ ಅಧ್ಯಯನಕ್ಕೆಂದು ಯಾರೋ ಅವನ್ನು ಸದ್ದಿಲ್ಲದೆ ಇಳಿಸಿಟ್ಟುಕೊಂಡಿದ್ದರು. ಕಂಪನಿಗಳ ಭಾಷೆಯಲ್ಲಿ ಅವರೂ ಕಳ್ಳರೇ.

ನಮ್ಮ ಮನೆಯೂ ಹಸನಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂತು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ. ಪ್ರತಿ ಮಾರ್ಚ್‌ನಲ್ಲಿ ಅದರ ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಚಿತ್ರದ ಪ್ರತಿ ಮಾತ್ರ ಉಳಿದಿಲ್ಲ.

ಗಾಯಕಿ ಗೌಹರ್ ಜಾನ್ ವಿಷಯ ತೆಗೆದುಕೊಳ್ಳಿ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಆಕೆ ಕೊನೆಗಾಲಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಕೆಯ ಹಳೆಯ ಪ್ಲೇಟುಗಳನ್ನು ಒಮ್ಮೆ ಕೊನೆತನಕ ಕೇಳಿ. ಮೂರು ನಿಮಿಷದ ಹಾಡು ಮುಗಿಯುತ್ತಿದ್ದಂತೆ ಆಕೆ ಗಟ್ಟಿದನಿಯಲ್ಲಿ, ಇಂಗ್ಲಿಷಿನಲ್ಲಿ, ತನ್ನ ಹೆಸರು ತಾನೇ ಕೂಗುತ್ತಾರೆ. ಆಗ ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ಗುರುತು ಸಿಗಲಿ, ಲೇಬಲ್ ಅದಲುಬದಲಾಗದಿರಲಿ ಎಂದು ಮಾಡಿದ ಏರ್ಪಾಟು ಅದು. ಆ ದನಿ ಇಂದು ಕೇಳಿಸುತ್ತಿದೆಯೆಂದರೆ ಗುಜರಿ ಅಂಗಡಿಗಳನ್ನು ಜಾಲಾಡಿ, ಕೈಯಿಂದ ದುಡ್ಡು ಹಾಕಿ ಪ್ಲೇಟು ಕೂಡಿಟ್ಟ ಹುಚ್ಚರಿಂದ. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥ ಖಾಸಗಿ ಪ್ರಯತ್ನದಿಂದ. ಅತ್ತ ಕೆಫೆಯವರು ಹಳೆಯ ರೆಕಾರ್ಡುಗಳಿಗೆ ಬಣ್ಣ ಬಳಿದು, ಮುಳ್ಳು ಸಿಕ್ಕಿಸಿ, ಗೋಡೆ ಗಡಿಯಾರ ಮಾಡುತ್ತಿದ್ದಾರೆ. ಅದಕ್ಕೆ ಯಾರ ತಕರಾರೂ ಇಲ್ಲ.

ಕಾನೂನು ಏನು ಹೇಳುತ್ತದೆ? 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ವರ್ಷ ಕಳೆದ ಮೇಲೆ 60 ವರ್ಷ. 1985ರ ತಾಳಮದ್ದಳೆ ಕ್ಯಾಸೆಟ್ಟೊಂದು 2045ರ ಕೊನೆಯವರೆಗೆ ಕಂಪನಿಯ ಸ್ವತ್ತು. ಕಂಪನಿ ಎಲ್ಲಿದೆ? ಬಾಗಿಲು ಹಾಕಿ ಎಷ್ಟು ಕಾಲವಾಯಿತೋ. ಅನುಮತಿ ಕೇಳಲು ವಿಳಾಸವಿಲ್ಲ, ದುಡ್ಡು ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ಟೇಪಿಗೆ ಬೂಷ್ಟು ಹಿಡಿಯುತ್ತಿದೆ. ಅರ್ಥಧಾರಿಯ ಮಾತು, ಭಾಗವತರ ಏರುದನಿ ಅದರೊಳಗೇ ಸಾಯುತ್ತಿವೆ. ಕರಾವಳಿಯ ಅಭಿಮಾನಿಯೊಬ್ಬ ಅದನ್ನು ಯೂಟ್ಯೂಬಿಗೆ ಹಾಕಿದರೆ ಕಾನೂನಿನ ಕಣ್ಣಲ್ಲಿ ಅಪರಾಧಿ. ಟೇಪು ಕೊಳೆಯಲು ಬಿಟ್ಟವನು ಮಾಲೀಕ. ಈ ಕಾನೂನಿಗೆ ನಾನು ತಲೆಬಾಗಲಾರೆ.

ಹಾಗೆಂದು ಪುಕ್ಕಟೆ ಡೌನ್‌ಲೋಡಿನ ದಂಧೆಗೆ ಜೈ ಅನ್ನುತ್ತಿಲ್ಲ. ಅಲ್ಲಿಯೂ ಧ್ವಂಸವೇ ನಡೆದಿದೆ. ಹಾಗೆ ಇಳಿಸಿಕೊಂಡ ಕಡತವನ್ನು ತೆರೆದು ನೋಡಿ. ಹಾಡಿದವರು ಎಂಬಲ್ಲಿ ವೆಬ್‌ಸೈಟಿನ ವಿಳಾಸ, ಆಲ್ಬಂ ಎಂಬಲ್ಲಿ ಅದೇ ವಿಳಾಸ, ಚಿತ್ರದ ಜಾಗದಲ್ಲೂ ಅದರದೇ ಲಾಂಛನ. ಬರೆದ ಕವಿ ಮಾಯ, ರಾಗ ಕೂಡಿಸಿದವರು ಮಾಯ, ತಬಲಾದವನ ಹೆಸರಂತೂ ಕೇಳಲೇಬೇಡಿ. ಗೌಹರ್ ಜಾನ್ ಕೂಗಿ ಉಳಿಸಿಕೊಂಡ ಹೆಸರನ್ನು ಇವರು ಒಂದು ಕ್ಲಿಕ್ಕಿನಲ್ಲಿ ಒರೆಸುತ್ತಾರೆ, ಆ ಖಾಲಿ ಜಾಗದಲ್ಲಿ ಜಾಹೀರಾತು ಹಾಕಿ ದುಡ್ಡು ಎಣಿಸುತ್ತಾರೆ. ಸಾಲ ಮಾಡಿ ಸ್ಟುಡಿಯೋ ಬಾಡಿಗೆ ಕಟ್ಟಿ ಹೋದ ತಿಂಗಳು ಆಲ್ಬಂ ಮಾಡಿದ ಹುಡುಗಿಯ ಹಾಡನ್ನು ವಾಟ್ಸಾಪ್‌ನಲ್ಲಿ ಹಂಚಿ ಪ್ರಚಾರ ಕೊಟ್ಟೆ ಎನ್ನುವವನು ಅವಳ ಅನ್ನಕ್ಕೆ ಕೈಹಾಕಿದ್ದಾನೆ. ನೂರು ರೂಪಾಯಿಯ ಕಾಫಿಗೆ ಚೌಕಾಸಿ ಮಾಡದವನಿಗೆ ಹಾಡು ಮಾತ್ರ ಬಿಟ್ಟಿ ಬೇಕು. ಗೀತರಚನೆಕಾರರೂ ಸಂಗೀತ ನಿರ್ದೇಶಕರೂ ರಾಯಧನದ ಪಾಲನ್ನು ನಿರ್ಮಾಪಕರಿಗೆ ಸುಮ್ಮನೆ ಬರೆದುಕೊಡುವಂತಿಲ್ಲ ಎಂಬ ರಕ್ಷಣೆ ಸಿಕ್ಕಿದ್ದೇ 2012ರ ತಿದ್ದುಪಡಿಯಲ್ಲಿ. ಅಷ್ಟು ಹೋರಾಡಿ ಪಡೆದದ್ದಕ್ಕೆ ನಾವು ಕನ್ನ ಹಾಕಬಾರದು.

ಮಾರಾಟಕ್ಕಿರುವ ಹಾಡಿಗೆ, ಬದುಕಿರುವ ಕಲಾವಿದರಿಗೆ ಕಾಸು ಕೊಡಿ. ಮಾಲೀಕ ಕಾಪಾಡದೆ ಬಿಟ್ಟ ಹಾಡನ್ನು ಪ್ರತಿ ಮಾಡಿ, ಹಂಚಿ, ಹೆಸರು ಒಂದನ್ನೂ ಬಿಡದೆ ಬರೆಯಿರಿ. ಕಲಾವಿದರ ಅನ್ನ ಕದಿಯುವುದಕ್ಕೂ ಹೀಗೆ ಹಾಡು ಉಳಿಸುವುದಕ್ಕೂ ಕಳ್ಳತನವೆಂಬ ಒಂದೇ ಹಣೆಪಟ್ಟಿ ಹಚ್ಚುವ ಕಂಪನಿಗಳಿಗೆ ಉಳಿಸುವ ಉದ್ದೇಶವೇ ಇಲ್ಲ. ಈ ದೇಶದಲ್ಲಿ ಪುಸ್ತಕ ಅಚ್ಚು ಹಾಕಿದವರು ಅದರ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಲೇಬೇಕೆಂದು 1954ರಲ್ಲೇ ಕಾನೂನು ಬಂತು. ಹಾಡಿಗೆ ಅಂಥ ನಿಯಮವಿಲ್ಲ. ತನ್ನಿ. ಮಾರುವ ಪ್ರತಿಯೊಂದು ಧ್ವನಿಮುದ್ರಣದ ಒಂದು ಪ್ರತಿ ಸಾರ್ವಜನಿಕ ಭಂಡಾರಕ್ಕೆ ಸೇರಲಿ. ಹತ್ತು ವರ್ಷ ಮಾರಾಟಕ್ಕಿಡದ ಹಾಡಿನ ಮೇಲೆ ಕಂಪನಿಯ ಹಿಡಿತ ಸಡಿಲವಾಗಲಿ, ಕಲಾವಿದರ ಪಾಲು ಮಾತ್ರ ಅವರಿಗೇ ಇರಲಿ. ಅಲ್ಲಿಯವರೆಗೆ ಓದುಗರಲ್ಲಿ ಒಂದೇ ಕೇಳಿಕೆ: ಅಟ್ಟದ ಮೇಲಿನ ಕ್ಯಾಸೆಟ್ಟಿನ ಡಬ್ಬವನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ.