ಎಲೆಯಾಟವೂ ಸಂಯಮದ ಪಾಠವೂ

ಇಸ್ಪೀಟೆಂಬ ಶಬ್ದ ಕಿವಿಗೆ ಬಿದ್ದೊಡನೆ ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆಯ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಎಲೆಯ ಚಟಕ್ಕೆ ಬಿದ್ದು ಹೊಲಮನೆ ಕಳೆದುಕೊಂಡವರ ಕಥೆ ಯಾವ ಊರಿಗೂ ಹೊಸತಲ್ಲ. 1975ರಲ್ಲಿ ಇಳಕಲ್ಲಿನ ಚಿತ್ತರಗಿ ಪೀಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಕಾಳು-ಕಾಸುಗಳನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಇಂಥ ನೆಲದ ಶಾಲೆಯಲ್ಲಿ ವಿದ್ಯಾರ್ಥಿಯ ಕೈಯಲ್ಲಿ ಎಲೆಗಳ ಕಟ್ಟು ಕಂಡರೆ ಗುರುಗಳು ಗದರಿಸುವುದು ತಪ್ಪಲ್ಲ. ಆದರೆ ಗದರಿಸುವ ಮುನ್ನ ಆಟಕ್ಕೂ ಜೂಜಿಗೂ ಇರುವ ಅಂತರವನ್ನು ವಿವೇಚಿಸುವುದು ಲೇಸು.

ಬುದ್ಧಿಯ ಎಲೆಯಾಟ ಕನ್ನಡನಾಡಿಗೆ ಅಪರಿಚಿತವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಮಾದರಿಯ ಅನೇಕ ಆಟಗಳನ್ನು ವಿವರಿಸಿದ್ದಾರೆ. ದಶಾವತಾರ ಗಂಜೀಫಾದಲ್ಲಿ ಪಂಗಡಕ್ಕೆ 12ರಂತೆ 10 ಪಂಗಡಗಳ 120 ಎಲೆಗಳು. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬ ನೆನಪೇ ಅಲ್ಲಿಯ ಬಂಡವಾಳ.

ಅದೇ ಕುಲದ ಹೊಸ ಕುಡಿ, 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’. ಇಲ್ಲಿ ಆಟಗಾರನು ತನ್ನ ಕಟ್ಟನ್ನು ತಾನೇ ಆರಿಸಿ ಕಟ್ಟಿಕೊಂಡು ಬರುತ್ತಾನೆ. ಕನಿಷ್ಠ 60 ಎಲೆಗಳು. ಮೂಲ ಭೂಮಿಯ ಎಲೆಗಳ ಹೊರತು ಒಂದೇ ಹೆಸರಿನವು 4ನ್ನು ಮೀರುವಂತಿಲ್ಲ. ಭೂಮಿಯ ಎಲೆಗಳಿಂದ ಶಕ್ತಿ ದೊರೆಯುತ್ತದೆ. ಆ ಶಕ್ತಿಯಿಂದ ಯೋಧರನ್ನು ಇಳಿಸಬಹುದು, ಇಲ್ಲವೆ ಮಂತ್ರ ಪ್ರಯೋಗಿಸಬಹುದು. ಇಬ್ಬರಿಗೂ ತಲಾ 20 ಪ್ರಾಣಾಂಕಗಳು.

ಆತುರದವನು ಯೋಧರನ್ನೇ ತುಂಬಿಕೊಂಡು ಮೊದಲ ಸರದಿಯಿಂದಲೇ ಮೇಲೇರಿ ಬರುತ್ತಾನೆ. ಸಂಯಮಿಯ ಕಟ್ಟು ಬೇರೆ. ಅದರಲ್ಲಿ ಸುಮಾರು 26 ಭೂಮಿಗಳು, ಬೆರಳೆಣಿಕೆಯ ಯೋಧರು, ಉಳಿದವೆಲ್ಲ ಮಂತ್ರಗಳು: ಎದುರಾಳಿಯ ಎಲೆಯನ್ನು ಬೀಳುವ ಮುನ್ನವೇ ತಡೆಯುವವು, ರಣರಂಗವನ್ನು ಒಮ್ಮೆಲೇ ಬರಿದು ಮಾಡುವವು, ಹೊಸ ಎಲೆಗಳನ್ನು ಕೈಗೆ ತರುವವು. ಎದುರಿನಲ್ಲಿ ಒಬ್ಬ ಯೋಧ ಇಳಿದೊಡನೆ ಅವನು ಬೆದರುವುದಿಲ್ಲ. ನಾಲ್ಕಾರು ಏಟುಗಳನ್ನು ತಾಳಿಕೊಂಡು, ಮೂವರೋ ನಾಲ್ವರೋ ಸೇರಿದ ಮೇಲೆ ಒಂದೇ ಮಂತ್ರದಿಂದ ಎಲ್ಲರನ್ನೂ ತೊಡೆದುಹಾಕುತ್ತಾನೆ. ಯಾವುದನ್ನು ತಡೆಯಬೇಕೆಂಬುದಕ್ಕಿಂತ ಯಾವುದನ್ನು ತಡೆಯದೆ ಬಿಡಬೇಕೆಂಬುದರಲ್ಲಿಯೇ ಅವನ ಜಾಣ್ಮೆ ಅಡಗಿದೆ. 20ರಲ್ಲಿ 1 ಉಳಿದರೂ ಅವನು ಸೋತವನಲ್ಲ.

ಇಳಕಲ್ಲಿನ ನೇಕಾರನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಣಿಸಿ ಕೊಂಡಿ ಹಾಕದೆ ಅವನು ಲಾಳಿ ಹಾಯಿಸುವುದಿಲ್ಲ. ಕಟ್ಟು ಕಟ್ಟುವವನೂ ಹಾಗೆಯೇ ಎಣಿಸಬೇಕು. 60ರಲ್ಲಿ 26 ಭೂಮಿಗಳಿದ್ದರೆ, ಮೊದಲು ಕೈಗೆ ಬರುವ 7 ಎಲೆಗಳಲ್ಲಿ ಸರಾಸರಿ 3 ಭೂಮಿಗಳು. ಸಂಭಾವ್ಯತೆಯ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬೇಸರದಿಂದ ಬರೆದುಕೊಳ್ಳುವ ವಿದ್ಯಾರ್ಥಿ ಇಲ್ಲಿ ತಾನಾಗಿಯೇ ಮಾಡುತ್ತಾನೆ.

ಆದರೆ ಈ ಆಟಕ್ಕೊಂದು ಕರಾಳ ಮುಖವಿರುವುದನ್ನು ಅಲ್ಲಗಳೆಯುವಂತಿಲ್ಲ. ಎಲೆಗಳು ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಒಳಗೇನಿದೆಯೆಂದು ಕೊಳ್ಳುವವನಿಗೆ ತಿಳಿಯದು. ವಿರಳವಾದ ಒಂದು ಎಲೆಗಾಗಿ ಮಕ್ಕಳು ಮತ್ತೆ ಮತ್ತೆ ಹಣ ಸುರಿಯುತ್ತಾರೆ. ಮೇಜಿನ ಮೇಲೆ ಸಂಯಮ ಕಲಿಸುವ ಆಟ ಅಂಗಡಿಯ ಮುಂದೆ ಅದನ್ನೇ ಕೆಡಿಸುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನಿನಿಂದ ನಿಷೇಧಿಸಿತು. ಆದರೆ ‘ಈ ಸಲವಾದರೂ ಬಂದೀತು’ ಎಂಬ ಆಸೆಗೆ ಕಡಿವಾಣ ಹಾಕುವುದು ಕಾನೂನಲ್ಲ, ಶಿಕ್ಷಣ.

ಆದ್ದರಿಂದ ಶಾಲೆಗಳು ಪೊಟ್ಟಣವನ್ನು ಹೊರಗಿಟ್ಟು ಆಟವನ್ನು ಒಳಗೆ ಕರೆಯುವುದು ಉಚಿತ. ದಪ್ಪ ಕಾಗದ ಕತ್ತರಿಸಿ ಮಕ್ಕಳೇ ತಮ್ಮ ಎಲೆಗಳನ್ನು ಬರೆಯಲಿ. ಬಡವ-ಬಲ್ಲಿದರ ಮಕ್ಕಳೆಲ್ಲರೂ ಒಂದೇ ಪೆಟ್ಟಿಗೆಯಿಂದ ತಮ್ಮ ಕಟ್ಟನ್ನು ಆರಿಸಿಕೊಳ್ಳಲಿ. ಪಣವಿಲ್ಲದೆ, ಶಿಕ್ಷಕರ ಸಮ್ಮುಖದಲ್ಲಿ, ಶನಿವಾರದ ಒಂದು ತಾಸು ಆಡಲಿ. ಇದಕ್ಕೆ ದಾನಿಗಳು ದೊಡ್ಡ ಮೊತ್ತ ಕೊಡಬೇಕಾಗಿಲ್ಲ. ಗುರುಗಳು ಒಂದಿಷ್ಟು ಹೊತ್ತು ಕೊಟ್ಟರೆ ಸಾಕು.

ಕೈಯಲ್ಲಿರುವುದನ್ನೆಲ್ಲ ಇಂದೇ ಚೆಲ್ಲಬಾರದೆಂಬ ಅರಿವು ಎಳೆಯ ವಯಸ್ಸಿನಲ್ಲಿ ಮೂಡಿದವನು ಮುಂದೆ ಜೂಜಿನ ಕಟ್ಟೆಯ ಮುಂದೆಯೂ ಒಂದು ಕ್ಷಣ ನಿಂತು ಯೋಚಿಸಿಯಾನು. ಮಹಾಂತ ಜೋಳಿಗೆ ಬೇಡಿದ್ದು ಚಟವನ್ನು, ಮಕ್ಕಳ ಆಟವನ್ನಲ್ಲ.