ತಡೆದು ಬಿಡುವ ಗಾಡಿ: ಯಾರಿಗೆ ಲಾಭ, ಯಾರಿಗೆ ಲುಕ್ಸಾನು?

ಅತ್ತಿವೇರಿಗೆ ರೈಲಿಲ್ಲ. ಅತ್ತಿವೇರಿಗೇನು, ಇಡೀ ಮುಂಡಗೋಡ ತಾಲೂಕಿಗೇ ರೈಲಿಲ್ಲ. ನಮ್ಮಲ್ಲಿ ಜಲಾಶಯ ಇದೆ, ದೂರದೂರದಿಂದ ಬಂದಿಳಿಯುವ ಹಕ್ಕಿಗಳಿವೆ. ರೈಲು ಬೇಕಾದರೆ ಮಾತ್ರ ಹುಬ್ಬಳ್ಳಿ ದಾರಿ ಹಿಡಿಯಬೇಕು. ಹೀಗಿರುವಾಗ ಬೆಂಗಳೂರಿನ ಮೆಟ್ರೋ ಗಾಡಿ ನಿಲ್ದಾಣದಲ್ಲಿ ಎರಡು ನಿಮಿಷ ಹೆಚ್ಚಿಗೆ ನಿಂತರೆ ನಮಗೇನು ಎಂದು ಓದುಗರು ಕೇಳಬಹುದು.

ಕೇಳಲಿ. ನಮ್ಮೂರಿನ ಹುಡುಗನೊಬ್ಬ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾನೆ, ಹಬ್ಬಕ್ಕೆ ಊರಿಗೆ ಹೊರಟಿದ್ದಾನೆ ಅಂತ ಇಟ್ಟುಕೊಳ್ಳಿ. ಬೊಮ್ಮಸಂದ್ರದಲ್ಲಿ ಹಳದಿ ಮಾರ್ಗದ ಮೆಟ್ರೋ ಹತ್ತುತ್ತಾನೆ. ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗದ ಗಾಡಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸು, ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಮುಂಡಗೋಡದ ಬಸ್ಸು, ಅಲ್ಲಿಂದ ಊರಿನ ಬಸ್ಸು. ಒಟ್ಟು ಐದು ಗಾಡಿ. ಮೊದಲನೆಯದು ತಡವಾದರೆ ಎರಡನೆಯದು ತಪ್ಪುತ್ತದೆ, ಎರಡನೆಯದು ತಪ್ಪಿದರೆ ರಾತ್ರಿಯ ರೈಲೇ ತಪ್ಪುತ್ತದೆ. ರೈಲು ತಪ್ಪಿತೋ, ಹಬ್ಬದ ಹೋಳಿಗೆ ತಂಗಳ ಆದಂತೆಯೇ. (ಹುಬ್ಬಳ್ಳಿಯ ಪ್ಲಾಟ್‌ಫಾರ್ಮು 1,507 ಮೀಟರು ಉದ್ದ, ಜಗತ್ತಿನಲ್ಲೇ ಉದ್ದದ್ದು. ಹೆಮ್ಮೆಯ ಮಾತೇ. ಹಿಂದಿನ ಡಬ್ಬಿಯಲ್ಲಿ ಕೂತವನಿಗೆ ಆ ಹೆಮ್ಮೆ ಕಾಲಿಗೆ ಹತ್ತುತ್ತದೆ.)

ಈಗ ಮೂಲ ಮಾತಿಗೆ ಬರೋಣ. ಗಾಡಿಗೆ ಏನೂ ಕೆಟ್ಟಿಲ್ಲ, ಮುಂದೆ ದಾರಿ ಖಾಲಿ, ಬಾಗಿಲು ತೆರೆದೇ ಇದೆ, ಆದರೂ ಗಾಡಿ ಹೊರಡುವುದಿಲ್ಲ. ಮೆಟ್ರೋ ಇರುವ ಯಾವ ಊರಲ್ಲೂ ಇದು ಉಂಟು. ಲಂಡನ್ನಿನ ನೆಲದಡಿ ರೈಲಿನಲ್ಲಂತೂ ಸಂಚಾರ ಸರಿಹೊಂದಿಸಲು ಗಾಡಿ ತಡೆದಿದ್ದೇವೆ ಎಂಬ ಘೋಷಣೆ ಪ್ರಯಾಣಿಕರಿಗೆ ಬಾಯಿಪಾಠ. ಹಾಗೆ ತಡೆಯುವುದು ಯಾಕೆ?

ಸಂತೆಯ ದಿನದ ಬಸ್ಸು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಗಾಡಿ ಸ್ವಲ್ಪ ತಡವಾಗುತ್ತದೆ. ತಡವಾದಷ್ಟೂ ಮುಂದಿನ ನಿಲ್ದಾಣದಲ್ಲಿ ಜನ ಹೆಚ್ಚು. ಜನ ಹೆಚ್ಚಾದರೆ ಹತ್ತಲು ಇಳಿಯಲು ಹೊತ್ತು ಹೆಚ್ಚು, ಗಾಡಿ ಇನ್ನೂ ತಡ. ಹಿಂದಿನ ಗಾಡಿಗೆ ಜನವೇ ಇಲ್ಲ, ಅದು ಓಡೋಡಿ ಬಂದು ಇದರ ಬೆನ್ನಿಗೆ ಬೀಳುತ್ತದೆ. ಕೊನೆಗೆ ಉಸಿರು ಕಟ್ಟುವ ಹಾಗೆ ತುಂಬಿದ ಗಾಡಿ ಒಂದು, ಖಾಲಿ ಗಾಡಿ ಇನ್ನೊಂದು, ಎರಡೂ ಜೋಡೆತ್ತಿನ ಹಾಗೆ ಬಂದು ನಿಲ್ಲುತ್ತವೆ. ಆಮೇಲೆ ಬಹಳ ಹೊತ್ತು ಯಾವುದೂ ಇಲ್ಲ.

ಅಂಗಡಿಕಾರರಿಗೆ ಕಿರ್ದಿ ಲೆಕ್ಕವೇ ಬೇಕಲ್ಲ, ತಗೊಳ್ಳಿ. 20 ನಿಮಿಷಕ್ಕೆ ಎರಡು ಗಾಡಿ, ನಿಮಿಷಕ್ಕೆ 10 ಜನ ನಿಲ್ದಾಣಕ್ಕೆ ಬರುತ್ತಾರೆ ಎಂದು ಹಿಡಿಯಿರಿ. ಗಾಡಿಗಳು ಸರಿಯಾಗಿ 10 ನಿಮಿಷಕ್ಕೊಂದು ಬಂದರೆ ತಲಾ ಸರಾಸರಿ 5 ನಿಮಿಷ ಕಾಯಬೇಕು. 200 ಜನರದು ಸೇರಿ 1,000 ನಿಮಿಷ. ಅದೇ ಎರಡು ಗಾಡಿ ಒಂದು 18 ನಿಮಿಷಕ್ಕೆ, ಮುಂದಿನದು 2 ನಿಮಿಷಕ್ಕೆ ಬಂದರೆ? 180 ಜನ ಸರಾಸರಿ 9 ನಿಮಿಷ, 20 ಜನ ಸರಾಸರಿ 1 ನಿಮಿಷ. ಒಟ್ಟು 1,640. ಗಾಡಿಯೂ ಅಷ್ಟೇ, ಜನವೂ ಅಷ್ಟೇ. ಅಂತರ ಕೆಟ್ಟಿದ್ದಕ್ಕೆ 640 ನಿಮಿಷ ಲುಕ್ಸಾನು. ಈ ಲುಕ್ಸಾನು ಉಳಿಸಲೆಂದೇ ನಿಯಂತ್ರಣ ಕೊಠಡಿಯವರು ಹಿಂದಿನ ಗಾಡಿಯನ್ನು ತಡೆಯುತ್ತಾರೆ. ಕೆಲವೊಮ್ಮೆ ತಡವೇ ಆಗದ ಮುಂದಿನ ಗಾಡಿಯನ್ನೂ ತಡೆಯುತ್ತಾರೆ, ನಡುವಿನ ಅಂತರ ತುಂಬಲಿ ಎಂದು. ಅದರಲ್ಲಿ ಕೂತವನಿಗೆ ಪಿತ್ತ ನೆತ್ತಿಗೇರದೆ ಇರುತ್ತದೆಯೇ?

ಅವನ ಸಿಟ್ಟಿಗೂ ಲೆಕ್ಕವಿದೆ. ಗಾಡಿಯೊಳಗೆ 300 ಜನ ಇದ್ದು 2 ನಿಮಿಷ ತಡೆದರೆ ಅಲ್ಲೇ 600 ನಿಮಿಷ ಹೋಯಿತು. ಮುಂದಿನ ನಿಲ್ದಾಣಗಳಲ್ಲಿ ಕಾಯುವವರು ಬಹಳವಿದ್ದರೆ ಆ ಖರ್ಚು ಹುಟ್ಟುತ್ತದೆ. ಮಾರ್ಗದ ಕೊನೆಗೆ ಬಂದು ಎಲ್ಲರೂ ಇಳಿಯುವವರೇ ಆದಾಗ ತಡೆದರೆ ಬರೀ ನಷ್ಟ. ಜನ ಕಡಿಮೆ ಕೂತಿರುವ ಕಡೆ, ಮುಂದೆ ಕಾಯುವವರು ಹೆಚ್ಚಿರುವ ಕಡೆ ತಡೆಯುವುದು ಬುದ್ಧಿವಂತಿಕೆ.

ಇನ್ನೊಂದು ಕಾರಣಕ್ಕೂ ತಡೆಯುತ್ತಾರೆ, ಅದಕ್ಕೆ ಯಾರೂ ತಕರಾರು ಮಾಡುವ ಹಾಗಿಲ್ಲ. ಮುಂದೆ ಏನೋ ಅಡಚಣೆ ಇದೆ ಎನ್ನಿ. ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ಕಿನ ಕಡೆ ಗಾಡಿ ನೆಲದಡಿಯ ಸುರಂಗದಲ್ಲಿ ಹೋಗುತ್ತದೆ. ಸುರಂಗದ ನಡುವೆ ನಿಲ್ಲುವುದಕ್ಕಿಂತ ನಿಲ್ದಾಣದಲ್ಲಿ ಬಾಗಿಲು ತೆರೆದು ನಿಲ್ಲುವುದೇ ಮೇಲು. 2023ರ ಅಕ್ಟೋಬರ್ 3ರಂದು ಹಸಿರು ಮಾರ್ಗದ ರಾಜಾಜಿನಗರದಲ್ಲಿ ಹಳಿಯ ಕೆಲಸಕ್ಕೆ ಬಳಸುವ ವಾಹನವೊಂದು ಹಳಿ ತಪ್ಪಿತು. ಯಶವಂತಪುರ ಮತ್ತು ಮಂತ್ರಿ ಸ್ಕ್ವೇರ್ ನಡುವೆ ಒಂದೇ ಹಳಿಯ ಮೇಲೆ ಗಾಡಿ ಓಡಿಸಬೇಕಾಯಿತು. ಒಂದೇ ಹಳಿ ಎಂದ ಮೇಲೆ ಆ ಕಡೆಯದು ಬರುವ ತನಕ ಈ ಕಡೆಯದು ನಿಲ್ಲಲೇಬೇಕು, ಸೇತುವೆ ರಿಪೇರಿ ಇದ್ದಾಗ ನಮ್ಮ ರಸ್ತೆಯಲ್ಲಿ ನಿಲ್ಲುವ ಹಾಗೆ.

ಇಷ್ಟೆಲ್ಲ ಗಾಡಿ ಮೇಲೆ ಗಾಡಿ ಬರುವ ಊರಿನ ಮಾತು. ಗಾಡಿ ವಿರಳವಾದಲ್ಲಿ ಇದೇ ಲೆಕ್ಕ ತಲೆಕೆಳಗು. ನಮ್ಮ ಹುಡುಗ ಹತ್ತುವ ಹಳದಿ ಮಾರ್ಗವನ್ನೇ ನೋಡಿ. 2025ರ ಆಗಸ್ಟಿನಲ್ಲಿ ಶುರುವಾದಾಗ ಅದಕ್ಕಿದ್ದದ್ದು ಮೂರೇ ಗಾಡಿ, 25 ನಿಮಿಷಕ್ಕೊಂದು. ಹೊಸ ಗಾಡಿ ಬಂದ ಹಾಗೆ ಅಂತರ ಕಡಿಮೆಯಾಯಿತು, ಆ ಮಾತು ಬೇರೆ. ಆದರೆ 25 ನಿಮಿಷಕ್ಕೊಂದು ಗಾಡಿ ಇರುವಲ್ಲಿ, ಹಸಿರು ಮಾರ್ಗದಿಂದ ಇಳಿದ ಜನ ಮೆಟ್ಟಿಲ ಮೇಲೆ ಓಡಿ ಬರುತ್ತಿರುವಾಗ ಬಾಗಿಲು ಹಾಕಿ ಹೊರಟರೆ ಅವರಿಗೆ ಅರ್ಧ ತಾಸು ಹೋಯಿತು. ಅಲ್ಲಿ ಒಂದು ನಿಮಿಷ ತಡೆದರೆ ಪುಣ್ಯ. ಮೂರು ನಿಮಿಷಕ್ಕೊಂದು ಗಾಡಿ ಇರುವಲ್ಲಿ ಹಾಗೆ ತಡೆಯುವ ಗರಜೇ ಇಲ್ಲ, ಹಿಂದೆಯೇ ಇನ್ನೊಂದು ಬರುತ್ತದೆ.

ನಮ್ಮ ಹಳ್ಳಿ ಬಸ್ಸು ಈ ಎರಡನೆಯ ಜಾತಿಯದು. ನಮಗೆ ಅಂತರ ನೋಡಿ ತಡೆಯುವುದು ಬೇಡ, ಗಡಿಯಾರ ನೋಡಿ ತಡೆಯಬೇಕು. ತಡವಾಗಿ ಬಿಟ್ಟ ಬಸ್ಸನ್ನು ಬೈದುಕೊಂಡಾದರೂ ಹತ್ತಬಹುದು. ಐದು ನಿಮಿಷ ಮುಂಚೆ ಬಿಟ್ಟ ಬಸ್ಸನ್ನು ಹತ್ತುವವರು ಯಾರು? ಹೊತ್ತಿಗಿಂತ ಮೊದಲು ಬಂದ ಗಾಡಿಯನ್ನು ಹೊತ್ತಾಗುವ ತನಕ ನಿಲ್ಲಿಸಿಕೊಳ್ಳುವ ಕಂಟ್ರೋಲರನ್ನು ಜನ ಬೈಯುವುದುಂಟು. ಬೈಯಬಾರದು. ಅವನು ಮುಂದಿನ ಕ್ರಾಸಿನಲ್ಲಿ ಕೊಡೆ ಹಿಡಿದು ನಿಂತ ಹೆಣ್ಣುಮಗಳ ಪರವಾಗಿ ನಿಲ್ಲಿಸಿದ್ದಾನೆ.

ಬೈಯಬೇಕಾದದ್ದು ಬೇರೆಯದೇ ಇದೆ. ಮೊನ್ನೆ ಸ್ಟ್ಯಾಂಡಿನಲ್ಲಿ ತುಂಬಿದ ಬಸ್ಸಿನೊಳಗೆ ಹಿರಿಯರೊಬ್ಬರು ಕೇಳಿದರು: “ಕಂಡಕ್ಟರ್ ಸಾಹೇಬ್ರ, ರಸ್ತಾ ಖಾಲಿ ಐತಲ್ರೀ, ಗಾಡಿ ಯಾಕ ನಿಂತೈತಿ?”

“ಬಿಡಂತ ಹೇಳಿಲ್ರೀ ಅಜ್ಜಾರ.”

“ಯಾವಾಗ ಹೇಳತಾರ?”

“ಹೇಳಿದಾಗ ಬಿಡೂದರೀ.”

ಅಜ್ಜ ಆಸ್ಪತ್ರೆಗೆ ಹೊರಟವರು. ಹತ್ತು ನಿಮಿಷ ನಿಲ್ಲುತ್ತದೆ ಎಂದು ಗೊತ್ತಿದ್ದರೆ ಇಳಿದು ನೀರು ಕುಡಿದು ಬರುತ್ತಿದ್ದರು, ಇಲ್ಲವೇ ಮಗನಿಗೆ ಫೋನು ಮಾಡಿ ಸರದಿ ಹಿಡಿ ಎನ್ನುತ್ತಿದ್ದರು. ಗೊತ್ತಿಲ್ಲದ್ದರಿಂದ ಸೀಟು ಬಿಟ್ಟೇಳಲೂ ಧೈರ್ಯವಿಲ್ಲ. ನಿಂತ ಗಾಡಿಯ ಎರಡು ನಿಮಿಷ ಓಡುವ ಗಾಡಿಯ ಹತ್ತು ನಿಮಿಷದಷ್ಟು ಉದ್ದ ಎನಿಸುವುದು ಇದಕ್ಕೇ. ಕೋಟಿಗಟ್ಟಲೆ ಸುರಿದ ಮೆಟ್ರೋದಲ್ಲಿ ಹೇಳಲು ಧ್ವನಿವರ್ಧಕವಿದೆ, ಕಾರಣವನ್ನೂ ಹೊತ್ತನ್ನೂ ಹೇಳದೆ ಸುಮ್ಮನಿದ್ದರೆ ಅದು ಅಲ್ಲಿಯವರ ತಪ್ಪು. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿಗೂ ಈ ಮಾತು ಸಲ್ಲುತ್ತದೆ. ನಮ್ಮ ಸ್ಟ್ಯಾಂಡಿಗೆ ಅಷ್ಟೆಲ್ಲ ಬೇಡ. ಕಂಟ್ರೋಲರ್ ಕಿಟಕಿಯ ಪಕ್ಕ ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು. ‘ಹುಬ್ಬಳ್ಳಿ ಗಾಡಿ ಬಂದ ಮೇಲೆ ಬಿಡುತ್ತದೆ, 10 ನಿಮಿಷ’ ಎಂದು ಬರೆದರೆ ಮುಗಿಯಿತು.

ಸದ್ಯಕ್ಕೆ ಆ ಕೆಲಸವನ್ನು ಸ್ಟ್ಯಾಂಡಿನ ಎದುರಿನ ಚಹಾದ ಅಂಗಡಿಯವರು ಮಾಡುತ್ತಿದ್ದಾರೆ. ಯಾವ ಗಾಡಿ ಯಾಕೆ ನಿಂತಿದೆ, ಎಷ್ಟೊತ್ತಿಗೆ ಬಿಡುತ್ತದೆ, ಎಲ್ಲ ಅವರಿಗೆ ಗೊತ್ತು. ಮೊದಲು ಚಹಾ ಹೇಳಬೇಕು, ಅಷ್ಟೇ.